ನೋವು ಭ್ರಮೆಯಲ್ಲ ಸ್ವಾಮೀ!

ಕರುಳಿನ ಆಪರೇಷನ್ ಆಗಿ ವರ್ಷ ಕಳೆದರೂ ಬಸ್‌ಸ್ಟ್ಯಾಂಡ್ ಪಕ್ಕದ ಕಿರಾಣಿ ಅಂಗಡಿ ಯಜಮಾನರಿಗೆ ಹೊಟ್ಟೆನೋವು ಬಿಟ್ಟಿಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದು. ಮನೆಯವರು 'ಎಲ್ಲಾ ನಿಮ್ಮ ಭ್ರಮೆ ಕಣ್ರೀ' ಅಂತಾರೆ.

ಹೊಟ್ಟೆ ಕೊಯ್ದು ಹೊಲಿದ ಮೇಲೆ, ಗಾಯ ಮಾಯುವಾಗ ಒಳಗೆ ಕರುಳು ಅಂಟಿಕೊಳ್ಳುತ್ತದೆ. ಬಹುಪಾಲು ಜನಕ್ಕೆ ಹೀಗಾಗುತ್ತೆ, ನೋವು ಮಾತ್ರ ಕೆಲವರಿಗೇ. ಈ ಅಂಟು ಸ್ಕ್ಯಾನಿಂಗ್‌ಗೆ ಸಿಗುವುದು ಕಷ್ಟ. ಬಿಡಿಸಲು ಮತ್ತೆ ಕೊಯ್ದರೆ ಮತ್ತೆ ಅಂಟೀತು. ಅದಕ್ಕೇ ಡಾಕ್ಟರುಗಳು ಹಿಂದೆಮುಂದೆ ನೋಡೋದು.

ಯಜಮಾನರು ಈಗ ಹೊಟ್ಟೆ ಬಿರಿಯ ಉಣ್ಣುವುದನ್ನು ಬಿಟ್ಟು ದಿನಕ್ಕೆ 5 ಸಲ ಸ್ವಲ್ಪಸ್ವಲ್ಪ ಉಣ್ಣುತ್ತಾರೆ. ಹಲಸು ಮುಟ್ಟರು. ಸಂಜೆ ಗಲ್ಲಾ ಮಗನಿಗೆ ಬಿಟ್ಟು ನಡೆಯುತ್ತಾರೆ. ನೋವು ಅರ್ಧಕ್ಕಿಳಿದಿದೆಯಂತೆ.

ಆದರೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಸೋಡಾ ಕುಡಿದು ಕೂರಬೇಡಿ. ಕರುಳು ಕಟ್ಟಿರಬಹುದು. ಅಂಗಡಿ ಬಾಗಿಲೆಳೆದು ಆಸ್ಪತ್ರೆಗೆ ಓಡಿ.