ಕುಲುಮೆ ಆರಿದ ಊರಿಗೆ ಜೂಜಿನ ದೀಪ

ಜೂಜು ಮನೆಯನ್ನು ಮುರಿಯುತ್ತದೆಂಬುದು ಧರ್ಮರಾಯನ ಕಾಲದಿಂದ ಕೇಳಿಬಂದಿರುವ ಮಾತು. ಆದರೆ ಮುರಿದುಬಿದ್ದ ಊರೊಂದನ್ನು ಜೂಜು ಎತ್ತಿ ನಿಲ್ಲಿಸಬಲ್ಲುದೆ? ಅಮೆರಿಕದ ಹಲವು ಕೈಗಾರಿಕಾ ಪಟ್ಟಣಗಳು ಈ ಪಣವನ್ನೇ ಒಡ್ಡಿದವು.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಲೀಹೈ ನದಿಯ ದಡದಲ್ಲಿರುವ ಬೆತ್ಲೆಹೆಮ್ ಅಂತಹುದೊಂದು ಪಟ್ಟಣ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಸಿದ್ಧ ಗೋಲ್ಡನ್ ಗೇಟ್ ಸೇತುವೆಗೆ ಉಕ್ಕನ್ನೊದಗಿಸಿದ್ದು ಈ ಊರಿನ ಹೆಸರನ್ನು ಹೊತ್ತ ಬೆತ್ಲೆಹೆಮ್ ಸ್ಟೀಲ್ ಕಂಪನಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಲ್ಲಿಯ ಕಾರ್ಖಾನೆಯೊಂದರಲ್ಲಿಯೇ 30 ಸಾವಿರಕ್ಕೂ ಮಿಕ್ಕ ಜನ ದುಡಿಯುತ್ತಿದ್ದರು. 1995ರಲ್ಲಿ ಇಲ್ಲಿಯ ಊದುಕುಲುಮೆಗಳು ಆರಿದವು. 2001ರಲ್ಲಿ ಕಂಪನಿಯೇ ದಿವಾಳಿಯಾಯಿತು. ಊರಿಗೆ ಉಳಿದದ್ದು ತುಕ್ಕು ಹಿಡಿದ ಶೆಡ್ಡುಗಳು, ಪಾಳುಬಿದ್ದ ನೆಲ.

2004ರಲ್ಲಿ ರಾಜ್ಯ ಸರ್ಕಾರವು ಜೂಜಿನ ಯಂತ್ರಗಳಿಗೆ ಕಾನೂನಿನ ಮನ್ನಣೆ ನೀಡಿತು. 2009ರ ಮೇ ತಿಂಗಳಲ್ಲಿ ಕಾರ್ಖಾನೆಯ ನೆಲದಲ್ಲಿಯೇ ಕ್ಯಾಸಿನೊ ತೆರೆಯಿತು. ಅದಿರನ್ನೆತ್ತುತ್ತಿದ್ದ ಭಾರಿ ಕ್ರೇನಿನ ಮೇಲೆಯೇ ಅದರ ಹೆಸರು ಬೆಳಗಿತು!

ಕೈಗೆ ಬಂದದ್ದೇನು?

ಲಾಭವಾಗಲಿಲ್ಲವೆಂದರೆ ಸುಳ್ಳಾದೀತು. ಎರಡು ಸಾವಿರದಷ್ಟು ಮಂದಿಗೆ ಉದ್ಯೋಗ ದೊರೆಯಿತು. ಯಂತ್ರಗಳ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆರಿಗೆಯಾಗಿ ಪಡೆಯುವ ಕಾನೂನಿನಲ್ಲಿ ಊರಿಗೂ ಒಂದು ಪಾಲಿತ್ತು. ಆರಿದ ಕುಲುಮೆಗಳೆದುರು 2011ರಲ್ಲಿ ತೆರೆದ ಕಲಾಕೇಂದ್ರಕ್ಕೂ ಕ್ಯಾಸಿನೊ ತಂದ ತೆರಿಗೆಯ ಹಣ ಒದಗಿತು. 2019ರಲ್ಲಿ ಈ ಕ್ಯಾಸಿನೊ 130 ಕೋಟಿ ಡಾಲರಿಗೆ ಕೈ ಬದಲಾಯಿಸಿತು.

ಆದರೆ ಈ ಹಣ ಬಂದುದೆಲ್ಲಿಂದ? ಕುಲುಮೆಯು ಅದಿರನ್ನು ಉಕ್ಕಾಗಿಸುತ್ತಿತ್ತು. ಇಲ್ಲದ ವಸ್ತುವೊಂದು ಅಲ್ಲಿ ಹುಟ್ಟುತ್ತಿತ್ತು. ಜೂಜಿನ ಮೇಜಿನ ಮೇಲೆ ಹೊಸದೇನೂ ಹುಟ್ಟದು. ಒಬ್ಬನ ಜೇಬಿನದು ಇನ್ನೊಬ್ಬನ ಪೆಟ್ಟಿಗೆಗೆ ಸೇರುವುದಷ್ಟೆ. ಸೋಲುವವನು ಪರಊರಿನವನಾದರೆ ಊರಿಗೆ ಲಾಭ. ಊರಿನವನೇ ಆದರೆ, ಪೇಟೆಯ ಅಂಗಡಿಗೆ ಹೋಗಬೇಕಾದ ಹಣವೇ ಕ್ಯಾಸಿನೊಕ್ಕೆ ಹೋಯಿತು. ಬೆತ್ಲೆಹೆಮಿನ ಭಾಗ್ಯವೆಂದರೆ, ನ್ಯೂಯಾರ್ಕ್ ಮಹಾನಗರ ಬಸ್ಸಿನಲ್ಲಿ ಒಂದೆರಡು ಗಂಟೆಗಳ ಹಾದಿಯಲ್ಲಿತ್ತು. ಅಲ್ಲಿಂದ ಬಸ್ಸುಗಳು ದಿನವೂ ಜನರನ್ನು ತಂದು ಇಳಿಸಿದವು. ಪ್ರಯಾಣಿಕರಿಗೆ ಆಟಕ್ಕೆಂದು ಉಚಿತ ಕೊಡುಗೆ ದೊರೆಯುತ್ತಿತ್ತು. ಬಂದವರಲ್ಲಿ ಹಲವರು ಬಡ ಚೀನೀ ವೃದ್ಧರು. ಅವರು ಜೂಜಾಡದೆ, ಆ ಕೊಡುಗೆಯನ್ನು ಇತರರಿಗೆ ಮಾರಿ ದಿನದ ಖರ್ಚು ನೀಗಿಸಿಕೊಂಡು ಮರಳುತ್ತಿದ್ದರು!

ನೆರೆಯೂರ ನಷ್ಟ

ಒಂದು ಊರಿನ ಈ ಲಾಭ ಇನ್ನೊಂದು ಊರಿನ ನಷ್ಟವೂ ಹೌದು. ನೆರೆಯ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ 1978ರಿಂದಲೇ ಕ್ಯಾಸಿನೊಗಳಿದ್ದವು. ಪೆನ್ಸಿಲ್ವೇನಿಯಾದಲ್ಲಿ ಹೊಸವು ತೆರೆದಂತೆ ಅಲ್ಲಿಗೆ ಹೋಗುವವರು ಕಡಿಮೆಯಾದರು. 2014ರ ಒಂದೇ ವರ್ಷದಲ್ಲಿ ಅಲ್ಲಿಯ ನಾಲ್ಕು ಕ್ಯಾಸಿನೊಗಳು ಬಾಗಿಲು ಮುಚ್ಚಿ, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು.

ಮೋಟಾರು ಕಾರುಗಳ ತವರಾದ ಡೆಟ್ರಾಯಿಟ್ ನಗರದ ಕಥೆ ಇನ್ನೂ ಕಠೋರವಾದುದು. 1996ರಲ್ಲಿ ಮತದಾರರು ಒಪ್ಪಿ, 1999ರಿಂದ ಅಲ್ಲಿ ಮೂರು ಕ್ಯಾಸಿನೊಗಳು ತಲೆಯೆತ್ತಿದವು. ಅವುಗಳ ತೆರಿಗೆಯು ನಗರಕ್ಕೆ ನಂಬಿಕೆಯ ವರಮಾನವಾಯಿತು. ಆದರೆ ಕಷ್ಟಕಾಲದಲ್ಲಿ ಆ ತೆರಿಗೆಯನ್ನೇ ಬ್ಯಾಂಕುಗಳಿಗೆ ಒತ್ತೆಯಿಡಬೇಕಾಗಿ ಬಂದಿತು. 2013ರಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದ ಹೊರೆಯೊಂದಿಗೆ ನಗರವು ದಿವಾಳಿ ಅರ್ಜಿ ಸಲ್ಲಿಸಿತು. ಕ್ಯಾಸಿನೊಗಳು ಮಾತ್ರ ತೆರೆದೇ ಇದ್ದವು.

ಬೆತ್ಲೆಹೆಮ್ ತಲೆಯೆತ್ತಿದ್ದರೆ, ಅದು ಜೂಜನ್ನೊಂದನ್ನೇ ನೆಚ್ಚಿ ಕೂರದಿದ್ದುದರಿಂದ. ಹಳೆಯ ಕಾರ್ಖಾನೆಯ ನೆಲದಲ್ಲಿ ಉಗ್ರಾಣಗಳೂ ಹೊಸ ಉದ್ಯಮಗಳೂ ಬಂದವು. ಊರಿನ ವಿಶ್ವವಿದ್ಯಾಲಯ, ಆಸ್ಪತ್ರೆಗಳು ದುಡಿಮೆ ಒದಗಿಸಿದವು. ಕ್ಯಾಸಿನೊದ ಹಣವು ಕೈಯೂರಿ ಏಳಲು ಆಸರೆಯಾಯಿತು. ಆ ಆಸರೆಯನ್ನೇ ಕಾಲೆಂದು ನಂಬಿದ ಊರಿಗೆ ನಡಿಗೆ ಬರುವುದೆಂತು?