ಐರಿಷ್ ನೃತ್ಯ ಸ್ಪರ್ಧೆ: ಒಂದೂವರೆ ನಿಮಿಷದ ಹಿಂದಿನ ವರ್ಷಗಳು



ಟೆಲಿವಿಷನ್ ಪರದೆಯ ಮೇಲೆ ಐರ್ಲೆಂಡಿನ ನೃತ್ಯವನ್ನು ನೋಡುವ ಅವಕಾಶ ಸಿಕ್ಕಿದಾಗ ಪರದೆಯ ಕೆಳಗಿನ ಅರ್ಧವನ್ನು ಒಂದು ರಟ್ಟಿನಿಂದ ಮುಚ್ಚಿ ನೋಡಿ. ಪ್ರಾರ್ಥನೆಯ ಸಾಲಿನಲ್ಲಿ ನಿಂತ ವಿದ್ಯಾರ್ಥಿನಿಯಂತೆ ಬೆನ್ನು ನೆಟ್ಟಗೆ, ಕೈಗಳು ಪಕ್ಕಕ್ಕೆ, ನೋಟ ಮುಂದಕ್ಕೆ. ಇನ್ನು ರಟ್ಟನ್ನು ಮೇಲಿನ ಅರ್ಧಕ್ಕೆ ಸರಿಸಿ. ಕಣ್ಣು ಹಿಂಬಾಲಿಸಲಾಗದ ವೇಗದಲ್ಲಿ ಎರಡು ಪಾದಗಳು ಒಂದನ್ನೊಂದು ದಾಟುತ್ತಿವೆ, ನೆಲವನ್ನು ಬಡಿಯುತ್ತಿವೆ, ಗಾಳಿಗೆ ನೆಗೆಯುತ್ತಿವೆ. ಎರಡೂ ಒಬ್ಬಳದೇ ದೇಹವೆಂದು ನಂಬುವುದು ಕಷ್ಟ.

ನಮ್ಮಂಥ ನಿರ್ಮಾಪಕರಿಗೂ ಇದು ಪರೀಕ್ಷೆಯೇ. ಕ್ಯಾಮೆರಾವನ್ನು ಪಾದಗಳ ಹತ್ತಿರ ಒಯ್ದರೆ ಮೇಲಿನ ನಿಶ್ಚಲತೆ ತಪ್ಪಿಹೋಗುತ್ತದೆ; ಮುಖದ ಹತ್ತಿರ ಒಯ್ದರೆ ನೃತ್ಯವೇ ತಪ್ಪಿಹೋಗುತ್ತದೆ. ಇಡೀ ಆಕೃತಿಯನ್ನು ತೋರಿಸಿದಾಗಲೇ ಇದರ ಸೊಗಸು ತಿಳಿಯುವುದು.

ಜಗತ್ತಿನ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಈ ನೃತ್ಯವನ್ನು ಸ್ಪರ್ಧೆಗಾಗಿಯೇ ಕಲಿಯುತ್ತಾರೆ. ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು, ಕೆಲವರು ನಿಮಗಿಂತ ಚಿಕ್ಕವರು. ವೇದಿಕೆಯ ಮೇಲೆ ಅವರಿಗೆ ಸಿಗುವುದು ಒಂದು ಸುತ್ತಿಗೆ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ. ಅಷ್ಟರಲ್ಲಿ ಅವರ ದೇಹ ಏನನ್ನು ತಡೆದುಕೊಳ್ಳುತ್ತದೆ? ಅವರ ಸ್ಥಾನ ಹೇಗೆ ನಿರ್ಧಾರವಾಗುತ್ತದೆ? ಆ ಸ್ಥಾನ ಅವರ ಬಗ್ಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ರ‍್ಯಾಂಕುಗಳ ನಡುವೆಯೇ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೂ ಈ ಕೊನೆಯ ಪ್ರಶ್ನೆ ಹೊಸದಲ್ಲ.

ಎಲ್ಲಿಂದ ಬಂತು?

ಹದಿನೆಂಟನೆಯ ಶತಮಾನದ ಐರ್ಲೆಂಡಿನಲ್ಲಿ ಊರೂರು ತಿರುಗಿ ನೃತ್ಯ ಕಲಿಸುವ ಗುರುಗಳಿದ್ದರು. 1770ರ ದಶಕದಲ್ಲಿ ಆ ದೇಶವನ್ನು ಸುತ್ತಿದ ಇಂಗ್ಲೆಂಡಿನ ಕೃಷಿತಜ್ಞ ಆರ್ಥರ್ ಯಂಗ್, ಬಡವರ ಗುಡಿಸಲುಗಳಿಗೂ ಹೋಗಿ ಪಾಠ ಹೇಳುತ್ತಿದ್ದ ಇಂಥವರ ಬಗ್ಗೆ ಬರೆದಿದ್ದಾನೆ. ಮುಂದೆ 1893ರಲ್ಲಿ ಐರಿಷ್ ಭಾಷೆಯ ಉಳಿವಿಗಾಗಿ ಗೇಲಿಕ್ ಲೀಗ್ ಎಂಬ ಸಂಸ್ಥೆ ಹುಟ್ಟಿತು. ಆಗ ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಭಾಷೆಯ ಜೊತೆಗೆ ಹಾಡು, ಕುಣಿತಗಳೂ ತಮ್ಮತನದ ಗುರುತಾದವು. ಸ್ಪರ್ಧೆಗಳು ನಡೆದವು, ಸ್ಪರ್ಧೆ ಎಂದಮೇಲೆ ನಿಯಮ ಬೇಕು, ತೀರ್ಪುಗಾರರು ಬೇಕು. 1930ರ ಹೊತ್ತಿಗೆ ಇದಕ್ಕೆಂದೇ ಐರಿಷ್ ನೃತ್ಯ ಆಯೋಗ ರೂಪುಗೊಂಡಿತು.

ಈ ನಡುವೆ ಇನ್ನೊಂದು ಘಟನೆ ನೃತ್ಯವನ್ನು ಕಡಲಾಚೆಗೆ ಒಯ್ದಿತ್ತು. 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಕಡಿಮೆಯಿಲ್ಲದಷ್ಟು ಜನ ಅಮೆರಿಕ, ಇಂಗ್ಲೆಂಡ್ ಮೊದಲಾದ ಕಡೆ ವಲಸೆ ಹೋದರು. ವಲಸಿಗರ ಮಕ್ಕಳು, ಮೊಮ್ಮಕ್ಕಳು ಕಾಣದ ಊರಿನ ನಂಟನ್ನು ಈ ಹೆಜ್ಜೆಗಳಲ್ಲಿ ಉಳಿಸಿಕೊಂಡರು. ಆಯೋಗದ ವಿಶ್ವ ಚಾಂಪಿಯನ್‌ಷಿಪ್ 1970ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾಯಿತು. ಐದೇ ವರ್ಷದಲ್ಲಿ, 1975ರಲ್ಲಿ, ಚಿಕಾಗೋದಲ್ಲಿ ಹುಟ್ಟಿದ ಮೈಕೇಲ್ ಫ್ಲಾಟ್ಲಿ ಅಲ್ಲಿ ಗೆದ್ದ ಮೊದಲ ಅಮೆರಿಕನ್ ಆದರು. ಅವರು ಪಾಠ ಆರಂಭಿಸಿದ್ದು 11ನೆಯ ವಯಸ್ಸಿನಲ್ಲಿ. ಈ ಕಲೆಯಲ್ಲಿ ಅದು ತಡವೆಂದೇ ಲೆಕ್ಕ.

ತಕಿಟ, ತಕಧಿಮಿ

ಸ್ಪರ್ಧೆಯಲ್ಲಿ ಎರಡು ಬಗೆಯ ನೃತ್ಯಗಳುಂಟು. ಒಂದು ಮೆದು ಪಾದರಕ್ಷೆಯದು. ಹುಡುಗಿಯರು ತೆಳುವಾದ ಚರ್ಮದ, ದಾರ ಕಟ್ಟುವ ಚಪ್ಪಟೆ ಬೂಟು ತೊಟ್ಟು ಸದ್ದಿಲ್ಲದೆ ತೇಲುವಂತೆ ಕುಣಿಯುತ್ತಾರೆ. ಇನ್ನೊಂದು ಗಟ್ಟಿ ಬೂಟಿನದು. ಅದರ ತುದಿ ಮತ್ತು ಹಿಮ್ಮಡಿಗೆ ಈಗ ಫೈಬರ್‌ಗ್ಲಾಸ್ ಅಳವಡಿಸುತ್ತಾರೆ. ಗಟ್ಟಿ ವಸ್ತು ನೆಲಕ್ಕೆ ತಾಗುವ ಅವಧಿ ಬಹಳ ಚಿಕ್ಕದು. ಆದ್ದರಿಂದ ಸದ್ದು ಚುರುಕಾಗಿ, ಸ್ಪಷ್ಟವಾಗಿ ಹೊಮ್ಮುತ್ತದೆ. ನಮ್ಮಲ್ಲಿ ಗೆಜ್ಜೆ ಮಾಡುವ ಕೆಲಸವನ್ನು ಅಲ್ಲಿ ಬೂಟೇ ಮಾಡುತ್ತದೆ.

ಲಯವನ್ನು ನಮ್ಮ ಕೊನ್ನಕೋಲಿನ ಮಾತಿನಲ್ಲೇ ಹೇಳಬಹುದು. ಜಿಗ್ ಎಂದರೆ ತಕಿಟ, ತಕಿಟ. ಸ್ಲಿಪ್ ಜಿಗ್ ಎಂದರೆ ತಕಿಟ, ತಕಿಟ, ತಕಿಟ, ಒಂದು ಆವರ್ತಕ್ಕೆ ಒಂಬತ್ತು. ರೀಲ್ ಎಂದರೆ ತಕಧಿಮಿ, ತಕಧಿಮಿ. ಕೈಯಲ್ಲಿ ತಟ್ಟಿ ನೋಡಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ಮಟ್ಟ ಏರಿದಂತೆ ಸಂಗೀತದ ವೇಗ ಏರುವುದಿಲ್ಲ, ಇಳಿಯುತ್ತದೆ! ಗಟ್ಟಿ ಬೂಟಿನ ಟ್ರೆಬಲ್ ಜಿಗ್ ನೃತ್ಯದ ಹಳೆಯ ವೇಗ ಮೆಟ್ರೋನೋಮ್ ಎಂಬ ಲಯಮಾಪಕದಲ್ಲಿ ನಿಮಿಷಕ್ಕೆ 92. ಮೇಲಿನ ಮಟ್ಟದವರಿಗೆ 73. ಸುಲಭವಾಯಿತು ಎಂದುಕೊಂಡಿರಾ? ಇಲ್ಲ. ವಿಳಂಬ ಕಾಲದಲ್ಲಿ ಒಂದೊಂದು ತಾಳದ ನಡುವೆಯೂ ಜಾಗ ಹೆಚ್ಚು. ಆ ಜಾಗದಲ್ಲಿ ಹೆಚ್ಚು ಬಡಿತಗಳನ್ನು ತುಂಬಬೇಕು, ಹೆಚ್ಚು ಹೊತ್ತು ಗಾಳಿಯಲ್ಲಿರಬೇಕು.

ಕೈ ಬೀಸದೆ ನೆಗೆದರೆ

ಕೈಗಳನ್ನು ಪಕ್ಕಕ್ಕೆ ಇಟ್ಟುಕೊಳ್ಳುವುದೇಕೆ ಎಂಬುದಕ್ಕೆ ಹಲವು ಕಥೆಗಳಿವೆ. ಕಿಟಕಿಯಿಂದ ಇಣುಕಿದ ಅಧಿಕಾರಿಗಳಿಗೆ ಕುಣಿಯುವುದು ತಿಳಿಯಬಾರದೆಂದು ಹಾಗೆ ಮಾಡಿದರು ಎಂಬುದು ಬಹಳ ಜನಪ್ರಿಯವಾದದ್ದು. ಆದರೆ ಅದಕ್ಕೆ ಇತಿಹಾಸದ ಆಧಾರವಿಲ್ಲ. ಗುರುಗಳ ಶಿಸ್ತು, ಸ್ಪರ್ಧೆಯ ನಿಯಮ ಇವೆರಡೂ ಅದನ್ನು ಗಟ್ಟಿಗೊಳಿಸಿದವು.

ಕಾರಣವೇನೇ ಇರಲಿ, ಭೌತಶಾಸ್ತ್ರ ಅದರ ಬೆಲೆಯನ್ನು ವಸೂಲು ಮಾಡುತ್ತದೆ. ನಾವು ನೆಗೆಯುವಾಗ ತಿಳಿಯದೆಯೇ ಕೈ ಬೀಸುತ್ತೇವೆ. ಅದರಿಂದ ನೆಗೆತದ ಎತ್ತರ ಸುಮಾರು ನೂರಕ್ಕೆ ಹತ್ತರಷ್ಟಾದರೂ ಹೆಚ್ಚುತ್ತದೆ. ಐರಿಷ್ ನರ್ತಕಿಗೆ ಆ ನೆರವಿಲ್ಲ. ಅಷ್ಟನ್ನೂ ಕಾಲುಗಳೇ ಒದಗಿಸಬೇಕು.

ಇಳಿಯುವಾಗ ಇನ್ನೂ ಕಷ್ಟ. ನಾವು ಮಂಡಿ ಮಡಿಸಿ, ಪಾದವಿಡೀ ಊರಿ ಇಳಿಯುತ್ತೇವೆ. ಅವಳು ಕಾಲನ್ನು ಆದಷ್ಟು ನೇರವಾಗಿಟ್ಟು, ಹಿಮ್ಮಡಿ ಊರದೆ, ಮುಂಗಾಲಿನ ಮೇಲೆ ಇಳಿಯಬೇಕು. ಒಂದು ಲೆಕ್ಕ ನೋಡೋಣ. 30 ಸೆಂಟಿಮೀಟರ್ ಎತ್ತರದಿಂದ ಬಿದ್ದ ದೇಹ, ಪಾದ ನೆಲ ಮುಟ್ಟಿದ ಮೇಲೆ 10 ಸೆಂಟಿಮೀಟರ್ ಕುಗ್ಗಿ ನಿಂತಿತೆನ್ನಿ. ಆಗ ನೆಲ ಒದಗಿಸುವ ಸರಾಸರಿ ಬಲ 40 ಭಾಗಿಸು 10, ಅಂದರೆ ದೇಹದ ತೂಕದ 4 ಪಟ್ಟು. ಅದೇ ದೇಹ 5 ಸೆಂಟಿಮೀಟರಿನಲ್ಲೇ ನಿಲ್ಲಬೇಕಾದರೆ 35 ಭಾಗಿಸು 5, ಅಂದರೆ 7 ಪಟ್ಟು. 40 ಕಿಲೋ ತೂಕದ ಹುಡುಗಿಯ ಕಾಲು 280 ಕಿಲೋ ಹೊತ್ತಂತಾಯಿತು! ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆಂದು ನೀವು ಪಾಠದಲ್ಲಿ ಓದಿದ್ದೀರಿ. ಇವಳು ಕೈಯನ್ನು ಹಿಂದಕ್ಕೆಳೆದುಕೊಳ್ಳದೆ ಚೆಂಡು ಹಿಡಿಯುವವಳು. ಪಾದ, ಹರಡು, ಮೀನಖಂಡಗಳ ನೋವು ಈ ನರ್ತಕರಲ್ಲಿ ಸಾಮಾನ್ಯ. ಅತಿ ಅಭ್ಯಾಸದಿಂದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದೂ ಉಂಟು. ನೋವನ್ನು ಮುಚ್ಚಿಟ್ಟು ಕುಣಿಯುವುದು ಶೌರ್ಯವಲ್ಲ. ಬಿರುಕಿಗೆ ಬೇಕಾದ ಔಷಧ ವಿಶ್ರಾಂತಿ.

ಸ್ಪರ್ಧೆಯ ದಿನ

ಇಂಥ ಸ್ಪರ್ಧಾಕೂಟಕ್ಕೆ ಐರಿಷ್ ಭಾಷೆಯಲ್ಲಿ 'ಫೆಶ್' ಎನ್ನುತ್ತಾರೆ. ಆರಂಭದ ಮಟ್ಟದಲ್ಲಿ ಗೆದ್ದವರು ಮುಂದಿನ ಮಟ್ಟಕ್ಕೆ ಹೋಗುತ್ತಾರೆ. ಹೀಗೆ ಹಲವು ಮೆಟ್ಟಿಲು ಹತ್ತಿ, ಪ್ರಾದೇಶಿಕ ಚಾಂಪಿಯನ್‌ಷಿಪ್‌ನಲ್ಲಿ ಅರ್ಹತೆ ಪಡೆದವರಿಗೆ ಈಸ್ಟರ್ ಹಬ್ಬದ ಹೊತ್ತಿಗೆ ನಡೆಯುವ ವಿಶ್ವ ಚಾಂಪಿಯನ್‌ಷಿಪ್‌ನ ಬಾಗಿಲು ತೆರೆಯುತ್ತದೆ.

ಆ ದಿನ ಅವಳು ಬೆಳಗಿನ ಜಾವವೇ ಏಳುತ್ತಾಳೆ. ಗುಂಗುರು ಕೂದಲಿನ ಕೃತಕ ಜಡೆಗೂದಲು, ಅದರ ಮೇಲೆ ಕಿರೀಟ, ಕಸೂತಿ ಮತ್ತು ಹರಳುಗಳಿಂದ ಬಿಗಿಯಾದ ಉಡುಪು. ಕಾಲುಚೀಲ ಜಾರದಂತೆ ಕಾಲಿಗೆ ಅಂಟು! ಉಡುಪೊಂದರ ಬೆಲೆಯೇ ಸಾವಿರ ಡಾಲರ್ ದಾಟುವುದುಂಟು. ಕೆಳಗಿನ ಮಟ್ಟದ ಪುಟ್ಟ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಬಾರದೆಂದು ಆಯೋಗವೇ ನಿಯಮ ಮಾಡಿದೆ.

ಸೊಂಟಕ್ಕೆ ಸಂಖ್ಯೆಯ ಚೀಟಿ ಕಟ್ಟಿಕೊಂಡು ಅವಳು ಸಾಲಿನಲ್ಲಿ ನಿಲ್ಲುತ್ತಾಳೆ. ವೇದಿಕೆಗೆ ಒಬ್ಬೊಬ್ಬರಾಗಿ ಹೋಗುವುದಿಲ್ಲ. ಇಬ್ಬರೋ ಮೂವರೋ ಒಟ್ಟಿಗೆ. ಪ್ರತಿಯೊಬ್ಬರ ಹೆಜ್ಜೆಯೂ ಬೇರೆ, ದಾರಿಯೂ ಬೇರೆ. ಡಿಕ್ಕಿಯಾಗದಂತೆ ನೋಡಿಕೊಳ್ಳಬೇಕು, ಪಕ್ಕದವಳ ಬೂಟಿನ ಸದ್ದಿಗೆ ತನ್ನ ತಾಳ ತಪ್ಪಬಾರದು. ಒಂದು ಮೆದು ಪಾದರಕ್ಷೆಯ ಸುತ್ತು, ಇನ್ನೊಂದು ಗಟ್ಟಿ ಬೂಟಿನ ಸುತ್ತು. ದೊಡ್ಡ ಚಾಂಪಿಯನ್‌ಷಿಪ್‌ಗಳಲ್ಲಿ ಮುಂದಿರುವವರನ್ನು ಮಾತ್ರ ಮೂರನೆಯ ಸುತ್ತಿಗೆ ಮತ್ತೆ ಕರೆಯುತ್ತಾರೆ. ಕರೆಯದವರ ವರ್ಷ ಅಲ್ಲಿಗೆ ಮುಗಿಯಿತು.

ಅಂಕಗಳ ಲೆಕ್ಕ

ಕೆಲವು ತೀರ್ಪುಗಾರರು ಧಾರಾಳಿಗಳು, ಕೆಲವರು ಕೈಬಿಗಿಯವರು. ನಿಮ್ಮ ಪತ್ರಿಕೆ ತಿದ್ದುವವರಲ್ಲೂ ಹಾಗೇ ಅಲ್ಲವೆ? ಈ ವ್ಯತ್ಯಾಸ ಫಲಿತಾಂಶವನ್ನು ಕೆಡಿಸಬಾರದೆಂದು ಒಂದು ಉಪಾಯ ಮಾಡಿದ್ದಾರೆ. ತೀರ್ಪುಗಾರರು ನೂರಕ್ಕೆ ಎಷ್ಟು ಕೊಟ್ಟರೆಂಬುದು ಮುಖ್ಯವಲ್ಲ. ಅವರ ಪಟ್ಟಿಯಲ್ಲಿ ನೀವು ಎಷ್ಟನೆಯವರು ಎಂಬುದು ಮುಖ್ಯ. ಮೊದಲನೆಯ ಸ್ಥಾನಕ್ಕೆ 100, ಎರಡನೆಯದಕ್ಕೆ 75, ಮೂರಕ್ಕೆ 65, ನಾಲ್ಕಕ್ಕೆ 60, ಐದಕ್ಕೆ 56, ಆರಕ್ಕೆ 53, ಹೀಗೆ ಇಳಿಯುತ್ತ ಹೋಗುತ್ತದೆ. ಎಲ್ಲ ತೀರ್ಪುಗಾರರ ಅಂಕಗಳನ್ನು ಕೂಡಿದರೆ ಫಲಿತಾಂಶ.

ಮೂವರು ತೀರ್ಪುಗಾರರಿದ್ದಾರೆನ್ನಿ. ಒಬ್ಬಳು ಮೂವರ ಪಟ್ಟಿಯಲ್ಲೂ ಮೂರನೆಯವಳು. ಅವಳಿಗೆ 65ರಂತೆ 195. ಇನ್ನೊಬ್ಬಳನ್ನು ಒಬ್ಬ ತೀರ್ಪುಗಾರ ಮೊದಲನೆಯವಳೆಂದ, ಉಳಿದಿಬ್ಬರು ಆರನೆಯವಳೆಂದರು. ಅವಳಿಗೆ 100, 53, 53, ಒಟ್ಟು 206. ಇಬ್ಬರು ತೀರ್ಪುಗಾರರು ಯಾರನ್ನು ಮೇಲೆಂದರೋ ಅವಳೇ ಕೆಳಗಾದಳು! ಮೊದಲ ಸ್ಥಾನಕ್ಕೂ ಎರಡನೆಯದಕ್ಕೂ ನಡುವೆ 25 ಅಂಕಗಳ ದೊಡ್ಡ ಅಂತರವಿರುವುದೇ ಇದಕ್ಕೆ ಕಾರಣ. ಒಬ್ಬ ತೀರ್ಪುಗಾರ ಒಬ್ಬಳಿಗೆ 82, ಇನ್ನೊಬ್ಬಳಿಗೆ 81 ಕೊಟ್ಟಿದ್ದರೂ ಆ ಒಂದು ಅಂಕ ಇಪ್ಪತ್ತೈದಾಗಿ ಹಿಗ್ಗುತ್ತದೆ. ಇದು ಮೋಸವಲ್ಲ, ಎಲ್ಲರಿಗೂ ತಿಳಿದ ನಿಯಮ. ಅಳೆಯುವ ಕೋಲು ಬದಲಾದರೆ ಸ್ಥಾನವೂ ಬದಲಾಗುತ್ತದೆ, ಕುಣಿದ ಹೆಜ್ಜೆ ಬದಲಾಗದಿದ್ದರೂ.

2010ರಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ 40ನೆಯ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ಸ್ಯೂ ಬೋರ್ನ್ ನಿರ್ದೇಶಿಸಿದ 'ಜಿಗ್' ಎಂಬ ಸಾಕ್ಷ್ಯಚಿತ್ರ 2011ರಲ್ಲಿ ತೆರೆಕಂಡಿತು. ಮಗನ ಗುರುವಿಗಾಗಿ ಅಮೆರಿಕ ಬಿಟ್ಟು ಇಂಗ್ಲೆಂಡಿಗೆ ಬಂದ ಕುಟುಂಬ, ಶ್ರೀಲಂಕಾದಲ್ಲಿ ಹುಟ್ಟಿ ನೆದರ್ಲೆಂಡಿನಲ್ಲಿ ಬೆಳೆದ ಹುಡುಗ, ಹತ್ತು ವರ್ಷದ ಪುಟ್ಟ ಸ್ಪರ್ಧಿಗಳು ಅದರಲ್ಲಿದ್ದಾರೆ. ಸಭಾಂಗಣದಲ್ಲಿ ಒಬ್ಬೊಬ್ಬ ತೀರ್ಪುಗಾರರ ಅಂಕಗಳನ್ನೂ ಗಟ್ಟಿಯಾಗಿ ಓದುತ್ತಿರುವಾಗ ಮಕ್ಕಳೂ ತಾಯ್ತಂದೆಯರೂ ಉಸಿರು ಬಿಗಿಹಿಡಿದು ಕೂಡಿಸುತ್ತ ಹೋಗುವುದು ಅದರ ಮರೆಯಲಾಗದ ಭಾಗ.

ತೀರ್ಪಿನ ಮೇಲಿನ ನಂಬಿಕೆ

ಈ ಲೆಕ್ಕವೆಲ್ಲ ನಿಂತಿರುವುದು ತೀರ್ಪುಗಾರ ನಿಷ್ಪಕ್ಷಪಾತಿ ಎಂಬ ನಂಬಿಕೆಯ ಮೇಲೆ. ಐರಿಷ್ ನೃತ್ಯದಲ್ಲಿ ತೀರ್ಪುಗಾರರಲ್ಲಿ ಅನೇಕರು ಸ್ವತಃ ಶಾಲೆ ನಡೆಸುವ ಗುರುಗಳು. ಇಂದು ನಿನ್ನ ಶಿಷ್ಯೆಗೆ ನಾನು ಅಂಕ ಕೊಡುತ್ತೇನೆ, ನಾಳೆ ನನ್ನ ಶಿಷ್ಯೆಗೆ ನೀನು. ಇಂಥ ಕಡೆ ಎಚ್ಚರ ಎಷ್ಟಿದ್ದರೂ ಸಾಲದು. 2022ರ ಅಕ್ಟೋಬರಿನಲ್ಲಿ, ಕೆಲವು ಗುರುಗಳು ಮತ್ತು ತೀರ್ಪುಗಾರರು ಫಲಿತಾಂಶಗಳನ್ನು ಮೊದಲೇ ಹೊಂದಿಸಿಕೊಳ್ಳುತ್ತಿದ್ದರೆಂಬ ಗಂಭೀರ ಆರೋಪ ಬಹಿರಂಗವಾಯಿತು. ಆರೋಪಗಳನ್ನು ಪರಿಶೀಲಿಸಲು ಆಯೋಗ ನಿವೃತ್ತ ನ್ಯಾಯಾಧೀಶರೊಬ್ಬರ ನೆರವು ಪಡೆಯಿತು. ಆಗ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆಯನ್ನು ಯೋಚಿಸಿ: ನಾನು ಸೋತದ್ದು ನನ್ನ ಹೆಜ್ಜೆಯಿಂದಲೋ, ಇನ್ನೊಂದರಿಂದಲೋ? ಗೆದ್ದವಳಿಗೂ ಅದೇ ಸಂಶಯ. ಅನ್ಯಾಯದ ತೀರ್ಪು ಸೋತವರ ಪದಕವನ್ನು ಮಾತ್ರವಲ್ಲ, ಪ್ರಾಮಾಣಿಕವಾಗಿ ಗೆದ್ದವರ ಸಂತೋಷವನ್ನೂ ಕದಿಯುತ್ತದೆ.

ಹಾಗಾದರೆ ಏನು ಉಳಿಯಿತು?

ಸ್ಪರ್ಧೆಯೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ಪಾದದ ಚುರುಕು, ತಾಳದ ಖಚಿತತೆ ಈ ಮಟ್ಟಕ್ಕೆ ಏರಿದ್ದು ಸ್ಪರ್ಧೆಯಿಂದಲೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾಲಿನ್ ಡನ್ ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದವರು. ಆದರೆ ಈ ನೃತ್ಯವನ್ನು ಜಗತ್ತಿನ ಮನೆಮನೆಗೆ ತಲುಪಿಸಿದ್ದು ಅಂಕಗಳಿಲ್ಲದ ಏಳು ನಿಮಿಷಗಳು. 1994ರ ಏಪ್ರಿಲ್ 30ರಂದು ಡಬ್ಲಿನ್‌ನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯ ಬಿಡುವಿನಲ್ಲಿ 'ರಿವರ್‌ಡ್ಯಾನ್ಸ್' ಪ್ರದರ್ಶನವಾಯಿತು. ಬಿಲ್ ವೀಲನ್ ಅವರ ಸಂಗೀತ. ಮೈಕೇಲ್ ಫ್ಲಾಟ್ಲಿ ಮತ್ತು ಜೀನ್ ಬಟ್ಲರ್ ಅವರ ಮುಂದಾಳತ್ವ. ಇಬ್ಬರೂ ಸ್ಪರ್ಧೆಯ ವೇದಿಕೆಯಲ್ಲಿ ಪಳಗಿದವರು. ಆದರೆ ಅಲ್ಲಿ ತೀರ್ಪುಗಾರರಿರಲಿಲ್ಲ, ಕೈಗಳಿಗೂ ಬಿಡುಗಡೆ ಸಿಕ್ಕಿತ್ತು. 1995ರಲ್ಲಿ ಅದು ಪೂರ್ಣ ಪ್ರಮಾಣದ ರಂಗಪ್ರದರ್ಶನವಾಗಿ ಬೆಳೆಯಿತು. ಫ್ಲಾಟ್ಲಿ ಬಿಟ್ಟ ಜಾಗಕ್ಕೆ ಬಂದವರು ಇದೇ ಕಾಲಿನ್ ಡನ್.

2020 ಮತ್ತು 2021ರಲ್ಲಿ ಕೋವಿಡ್ ಕಾರಣ ವಿಶ್ವ ಚಾಂಪಿಯನ್‌ಷಿಪ್ ನಡೆಯಲಿಲ್ಲ. ಸ್ಥಾನವೂ ಇಲ್ಲ, ಕಿರೀಟವೂ ಇಲ್ಲ. ಆದರೂ ಮಕ್ಕಳು ಮನೆಯಲ್ಲೇ ಹಲಗೆ ಹಾಕಿಕೊಂಡು ಅಭ್ಯಾಸ ಮಾಡಿದರು. 2022ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಮತ್ತೆ ವೇದಿಕೆ ಹತ್ತಿದರು. ತೀರ್ಪು ಹೇಳುವವರಿಲ್ಲದ ಆ ಎರಡು ವರ್ಷ ಅವರನ್ನು ಕುಣಿಸಿದ್ದು ಯಾವುದು? ಅದನ್ನು ಅಳೆಯುವ ಕೋಷ್ಟಕ ಯಾವ ಆಯೋಗದಲ್ಲೂ ಇಲ್ಲ.

ನೀವೇ ಮಾಡಿ ನೋಡಿ

ಗೋಡೆಯ ಪಕ್ಕ ನಿಂತು, ಕೈಗಳನ್ನು ತೊಡೆಗೆ ಒತ್ತಿಕೊಂಡು ನೆಗೆಯಿರಿ. ತಲೆ ತಲುಪಿದ ಎತ್ತರವನ್ನು ಗೆಳೆಯನೊಬ್ಬ ಸೀಮೆಸುಣ್ಣದಿಂದ ಗುರುತಿಸಲಿ. ಈಗ ಕೈ ಬೀಸಿ ನೆಗೆಯಿರಿ. ಎರಡು ಗುರುತುಗಳ ನಡುವಿನ ಅಂತರ ಅಳೆಯಿರಿ. ಐದೈದು ಬಾರಿ ಮಾಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಇಳಿಯುವಾಗ ಮಾತ್ರ ಮಂಡಿ ಮಡಿಸಲು ಮರೆಯಬೇಡಿ. ನೇರ ಕಾಲಿನ ಇಳಿತ ವರ್ಷಗಟ್ಟಲೆ ಗುರುವಿನ ಬಳಿ ಕಲಿತವರಿಗೆ.