ಗಂಗಮ್ಮನ ಮುನಿಸಿನ ಹಾಡು

ಕನ್ನಡ ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಪಿ. ಕಾಳಿಂಗರಾಯರು ಅಗ್ರಗಣ್ಯರು. 1914ರಲ್ಲಿ ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಜನಿಸಿ, ನಾಟಕರಂಗದಲ್ಲಿ ಪಳಗಿದ ಅವರು ‘ಕೃಷ್ಣಲೀಲಾ’ (1947), ‘ಅಬ್ಬಾ ಆ ಹುಡುಗಿ’ (1959) ಚಲನಚಿತ್ರಗಳಿಗೆ ಸಂಗೀತವನ್ನೂ ಒದಗಿಸಿದರು. ಆದರೆ ರಸಿಕರ ನೆನಪಿನಲ್ಲಿ ಅವರು ಒಂಟಿಯಾಗಿ ನಿಂತವರಲ್ಲ. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ಕಂಠಗಳು ಅವರೊಡನೆ ಬೆರೆತು ಒಂದು ತ್ರಿವೇಣಿಯೇ ಆಯಿತು.

ಪಾಶ್ಚಾತ್ಯರ ಮೇಳಗಾಯನದಲ್ಲಿ ಒಂದೊಂದು ಕಂಠವು ಬೇರೆ ಬೇರೆ ಸ್ವರ ಹಿಡಿದು ಏಕಕಾಲದಲ್ಲಿ ಮೊಳಗುವುದುಂಟು. ನಮ್ಮ ಹಳ್ಳಿಗಳ ರೀತಿ ಬೇರೆ. ಒಬ್ಬರು ಸೊಲ್ಲನ್ನು ಎತ್ತಿಕೊಡುವರು, ಉಳಿದವರು ಅದೇ ಧಾಟಿಯಲ್ಲಿ ದನಿಗೂಡಿಸುವರು. ಈ ಮೂವರ ಗಾಯನದ ಸೊಗಸು ಇದ್ದುದು ಈ ರೀತಿಯಲ್ಲಿಯೇ.

ಇವರು ಹಾಡಿದ ‘ಮಾಯದಂಥ ಮಳೆ’ ಎಂಬ ಜನಪದ ಗೀತೆಯ ಪಲ್ಲವಿಯನ್ನು ಗುನುಗುವವರು ಬಹಳ. ಅದರ ಕಥೆಯನ್ನು ಬಲ್ಲವರು ವಿರಳ. ಅದನ್ನು ಬರಿಯ ಮಳೆಯ ಸಂಭ್ರಮದ ಹಾಡೆಂದು ತಿಳಿಯುವುದು ಸರಿಯಲ್ಲ. ಪುಟ್ಟದೊಂದು ಮೋಡ ಹಬ್ಬಿ, ಬಿರುಗಾಳಿ ಬೀಸಿ, ಮದಗದ ಕೆರೆ ತುಂಬುತ್ತದೆ. ಆಗ ಗಂಗಮ್ಮನೇ ಏರಿಯ ಮೇಲಿನ ಹುಡುಗರನ್ನು ಕರೆದು, ತಾನು ಇನ್ನು ನಿಲ್ಲಲಾರೆನೆಂದು ಊರಿಗೆ ಸುದ್ದಿ ಕಳುಹುತ್ತಾಳೆ. ಸಾವಿರಾರು ವಡ್ಡರು ಗುದ್ದಲಿ ಹಿಡಿದು ಬಂದು ಮಣ್ಣು ಹಾಕಲಿ, ಸಾವಿರಾರು ಕುರಿಗಳು ಬಲಿಯಾಗಲಿ, ಬಂಡಿ ತುಂಬ ವೀಳ್ಯದಡಿಕೆ ಬರಲಿ, ಆಕೆಯ ಉತ್ತರ ಒಂದೇ. ಆ ನಿರಾಕರಣೆ ಮತ್ತೆ ಮತ್ತೆ ಮರಳಿದಂತೆ ಕೇಳುಗನ ಎದೆ ನಡುಗುತ್ತದೆ. ಪ್ರಾಣವೀಯುವ ನೀರು ಪ್ರಾಣವನ್ನು ಒಯ್ಯಲೂಬಲ್ಲುದೆಂಬ ಅರಿವು ಹಾಡಿನ ತಿರುಳು.

ಕಾಳಿಂಗರಾಯರು 1981ರಲ್ಲಿ ಕಾಲವಾದರು. ಹಾಡಿನ ಮಾತು ಮಾತ್ರ ಹಳತಾಗಿಲ್ಲ. ಬೆಂಗಳೂರಿನ ಅಂಚಿನ ಚಿಕ್ಕಬಾಣಾವರವನ್ನೇ ನೋಡಬಹುದು. ಒಂದೆಡೆ ರೈಲು ನಿಲ್ದಾಣ, ಹತ್ತಿರದಲ್ಲಿಯೇ ಪೀಣ್ಯದ ಕಾರ್ಖಾನೆಗಳು, ನಡುವೆ ಊರ ಕೆರೆ. ನಗರ ಬೆಳೆದಂತೆ ಆ ಕೆರೆಗೆ ಮಳೆಯ ನೀರಿನೊಡನೆ ಕೊಳಚೆಯೂ ಹರಿದು ಬಂದಿತು. ಹಿಂದಿನವರು ಕೋಡಿ ಬಿದ್ದ ಕೆರೆಗೆ ಬಾಗಿನ ಅರ್ಪಿಸುತ್ತಿದ್ದರು, ಏರಿಯನ್ನೂ ಕಾಲುವೆಯನ್ನೂ ಕಾಪಾಡುತ್ತಿದ್ದರು. ಪೂಜೆ ಮತ್ತು ದುರಸ್ತಿ ಅವರಿಗೆ ಎರಡಾಗಿರಲಿಲ್ಲ.

ಹಾಡಿನ ಗಂಗಮ್ಮನು ಹೇಳದೆ ಹೋದವಳಲ್ಲ. ಮುಂಚೆಯೇ ಸುದ್ದಿ ಕಳುಹಿದವಳು. ಮೂರು ಕಂಠಗಳು ಆ ಸುದ್ದಿಯನ್ನು ಹೊತ್ತು ತಂದವು. ಕಿವಿಗೊಡುವ ಹೊಣೆ ಊರಿನವರದು.